ಸಂಜೆ ನನ್ನ ತೂಕ ಏರಿಸುವ ಕಾಟಾ ಸಾಹೇಬರಿಗೆ

ಹುಬ್ಬಳ್ಳಿಯ ನಮ್ಮ ಹತ್ತಿ ಜಿನ್ನಿನ ಕಾರಖಾನೆಯ ದೊಡ್ಡ ಬಾಗಿಲಿನಲ್ಲಿ ನಾಲ್ಕು ಗಾಲಿಗಳ ಮೇಲೆ ಗಟ್ಟಿಯಾಗಿ ಕುಳಿತು, ಹಿತ್ತಾಳೆಯ ಕಡ್ಡಿಯನ್ನು ಎದೆಗೆ ಅಡ್ಡವಾಗಿ ಧರಿಸಿ, ಯಾರು ಕಳ್ಳರು ಯಾರು ಸಾಚಾ ಎಂಬುದನ್ನು ರತ್ತಲುಗಳಲ್ಲಿ ಹೇಳಿಬಿಡುವ ಶ್ರೀಮಾನ್ ತೂಕದ ಕಾಟಾ ಸಾಹೇಬರ ಪಾದಗಳಿಗೆ, ಅಂದರೆ ಗಾಲಿಗಳಿಗೆ, ಗೌಸಮೊದ್ದೀನನ ಸಾವಿರ ಸಲಾಮು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ಶನಿವಾರ ತಮಗೆ ಎಣ್ಣೆ ಹಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಕ್ಷೇಮ ಅಷ್ಟಕ್ಕಷ್ಟೆ. ಇಂದು ರವಿವಾರದ ರಜೆಯೆಂದು ಮಧ್ಯಾಹ್ನ ಅಡ್ಡಾದರೆ ಕನಸಿನಲ್ಲಿಯೂ ತಾವೇ ಬಂದಿರಿ. ನಾನು ತಮ್ಮ ಮೇಲೆ ನಿಂತಿದ್ದೆ, ಕಡ್ಡಿ ಇಳಿಯಲೊಲ್ಲದು. ಟೋಪಿ ತೆಗೆಸಿದರು, ಅಂಗಿ ಬಿಚ್ಚಿಸಿದರು, ಗಡ್ಡ ಬೋಳಿಸಿದರು, ಆದರೂ ಇಳಿಯಲಿಲ್ಲ. ಕೊನೆಗೆ ಕಾರಕೂನ ಶಾಂತಯ್ಯನವರು "ಉಸಿರು ಬಿಡೋ, ಅದೂ ಮಾಲಕರದ" ಎಂದರು. ಬಿಟ್ಟೆ, ಎಚ್ಚರವಾಯಿತು. ಅಂದಿನಿಂದ, ಅಂದರೆ ಎರಡು ತಾಸಿನಿಂದ, ಉಸಿರನ್ನು ನೋಡಿ ನೋಡಿ ಎಳೆದುಕೊಳ್ಳುತ್ತಿದ್ದೇನೆ.

ತಮಗೆ ಜೇಬಿಲ್ಲವಾದ್ದರಿಂದ ಈ ಪತ್ರವನ್ನು ತಮ್ಮ ಪಕ್ಕದ ಗೋಡೆಗೆ ಅಂಟಿಸುತ್ತಿದ್ದೇನೆ. ಹೋಗಿ ಬರುವವರು ಓದಿದರೆ ಅದು ಗೋಡೆಯ ತಪ್ಪು. ನಾನು ಕನ್ನಡ ಸಾಲಿಯಲ್ಲಿ ಮೂರನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು, ಬರಹದಲ್ಲಿ ದೋಷ ಕಂಡರೆ ಅದು ಉಳಿದ ಅರ್ಧದ್ದೆಂದು ತಿಳಿಯಬೇಕು.

ತಾವು ನಮ್ಮ ಬಾಗಿಲಿಗೆ ಬಂದ ಕಾರಣ ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಕೂಲಿ ಏರಿಸಬೇಕೆಂದು ನಾವು ಮಾಲಕರಿಗೆ ಒಂದು ಅರ್ಜಿ ಕೊಟ್ಟೆವು. ಹೆಬ್ಬೆರಳು ಒತ್ತಿದವರು ಹದಿಮೂರು ಜನ, ಬರೆದ ಪಾಪಿ ನಾನು. ಮುಂದಿನ ವಾರವೇ, ಕೂಲಿಯವರು ಹತ್ತಿ ಕದಿಯುತ್ತಾರೆಂದು ಹೇಳಿ, ಹಿತ್ತಲಲ್ಲಿ ಹತ್ತಿ ತೂಗುತ್ತಿದ್ದ ತಮ್ಮನ್ನು ಮುಂಬಾಗಿಲಿಗೆ ದೂಡಿಸಿದರು. ಮುಂಜಾನೆ ಒಳಗೆ ಹೋಗುವಾಗ ಒಮ್ಮೆ ತೂಕ, ಸಂಜೆ ಹೊರಗೆ ಬರುವಾಗ ಒಮ್ಮೆ; ಸಂಜೆಯ ತೂಕ ಹೆಚ್ಚಾದರೆ ಮೈಯಲ್ಲೆಲ್ಲೋ ಹತ್ತಿ ಇದೆಯೆಂದು ಅರ್ಥ, ಮೂರು ಸಲ ಹೆಚ್ಚಾದರೆ ಕೆಲಸದಿಂದ ಹೊರಗೆ. ಹೀಗೆ ಏರಿಸಿರೆಂದು ಕೇಳಿದ್ದಕ್ಕೆ ಮಾಲಕರು ಕೂಲಿಯ ಬದಲು ತೂಕ ಏರಿಸಿಕೊಟ್ಟರು. ಅವರ ಉದಾರತನ ದೊಡ್ಡದು.

ಮೊದಲ ಸಲ ನನ್ನ ತೂಕ ಏರಿದಾಗ ತಪ್ಪು ನನ್ನದೇ ಇರಬಹುದು. ಮುಂಜಾನೆ ರೊಟ್ಟಿಯ ಗಂಟನ್ನು ಕೆಳಗಿಡಿಸಿ ತೂಗಿದರು, ಸಂಜೆಯ ಹೊತ್ತಿಗೆ ಗಂಟು ನನ್ನ ಹೊಟ್ಟೆಯಲ್ಲಿತ್ತು. ಮನೆಗೆ ಹೋಗಿ ತಲೆಯ ಮೇಲೆ ಕೈ ಹೊತ್ತು ಕುಳಿತಾಗ ನನ್ನ ಹೆಂಡತಿ ಮೈಮುನಾ ಒಂದು ಉಪಾಯ ಹೇಳಿದಳು: "ಮಧ್ಯಾಹ್ನದ ರೊಟ್ಟಿ ಮುಂಜಾನೆನ ತಿಂದ ಹೋಗ್ರಿ, ಮ್ಯಾಲೆ ಒಂದು ತಂಬಗಿ ನೀರು ಕುಡೀರಿ. ಏರೂ ತೂಕ ಮುಂಜಾನೆನ ಏರಲಿ." ಎಷ್ಟು ಓದಿದರೂ ಇಂಥ ಬುದ್ಧಿ ಬರುವುದಿಲ್ಲ. ಶನಿವಾರ ಹಾಗೆಯೇ ಮಾಡಿದೆ. ದಿನವಿಡೀ ಒಂದು ಗುಟುಕು ನೀರಿಲ್ಲದೆ, ರೋಜಾ ತಿಂಗಳಲ್ಲದಿದ್ದರೂ ರೋಜಾ ಹಿಡಿದವನಂತೆ, ಜಿನ್ನಿನ ಬಾಯಿಗೆ ಹತ್ತಿ ಒಡ್ಡಿ, ಬೆವರು ಹರಿಸಿ, ಸಂಜೆ ಗಾಳಿಪಟದಂತೆ ಹಗುರಾಗಿ ತಮ್ಮನ್ನು ಹತ್ತಿದೆ. ತಾವು ಎರಡು ರತ್ತಲು ಹೆಚ್ಚು ತೋರಿಸಿದಿರಿ.

ಮಾಲಕರು ಇನಾಮು ಕೊಟ್ಟ ಕರಿ ಬೂಟುಗಳಲ್ಲಿ ಶಾಂತಯ್ಯನವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ಏನಪಾ ಗೌಸಮೊದ್ದೀನ, ಹವಾ ತಿಂದ ದಪ್ಪ ಆಗಾಕತ್ತಿ?" ಎಂದರು. ಮೈಯೆಲ್ಲ ಜಾಡಿಸಿದರೆ ಸಿಕ್ಕಿದ್ದು ಗಡ್ಡದಲ್ಲಿ ಸಿಕ್ಕಿಕೊಂಡ ಒಂದು ಅರಳೆಯ ಎಳೆ. ಅದನ್ನು ಅವರು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ. ಹತ್ತಿಯನ್ನು ಅಷ್ಟು ಜೋಪಾನ ಮಾಡುವವರು ಸಿಗುವುದು ಕಷ್ಟ.

ಅದೇ ದಿನ ಮಧ್ಯಾಹ್ನ ಸುಳ್ಳ ಎಂಬ ಊರಿನಿಂದ ರೈತ ಫಕೀರಪ್ಪನ ಹತ್ತಿ ಗಾಡಿ ಬಂದಿತ್ತು. ಊರಿನಲ್ಲಿ ತೂಗಿ ತಂದ ಹತ್ತಿ ತಮ್ಮ ಮೇಲೆ ಇಟ್ಟ ಕೂಡಲೇ ಹತ್ತು ಸೇರು ಕಡಿಮೆಯಾಯಿತು. ಆತ ಗಾಡಿಯ ಎತ್ತುಗಳ ಕಡೆ ಕೈ ತೋರಿಸಿ "ನನ್ನ ಎತ್ತು ದಾರ್ಯಾಗ ಹತ್ತಿ ಮೇದಿಲ್ಲರೀ" ಎಂದ. ಇದನ್ನು ಕಂಡ ಮೇಲೆ ತಮ್ಮ ಮೇಲಿನ ನನ್ನ ಭಕ್ತಿ ಇಮ್ಮಡಿಯಾಗಿದೆ. ಮಾಲಕರು ಕೊಳ್ಳುವಾಗ ಹಗುರ, ಹೊರಗೆ ಹಾಕುವಾಗ ಭಾರ. ಸಂಬಳವಿಲ್ಲದೆ ಇಷ್ಟು ನಿಷ್ಠೆಯಿಂದ ದುಡಿಯುವವರು ನಮ್ಮಲ್ಲಿ ಮತ್ತೊಬ್ಬರಿಲ್ಲ. ಆದ್ದರಿಂದ ನನ್ನ ವಿನಂತಿಗಳನ್ನು ಮನಸ್ಸಿಟ್ಟು ಕೇಳಬೇಕು.

ನನ್ನನ್ನು ದಯಮಾಡಿ ಸಂಜೆಯ ಬದಲು ಮಧ್ಯಾಹ್ನ, ಚೀಲದಲ್ಲಿ ಕಟ್ಟಿ, ರೈತರ ಹತ್ತಿಯ ನಡುವೆ ತೂಗಬೇಕು. ಹತ್ತು ಸೇರು ಕಡಿಮೆಯಾದರೂ ನಾನು ಫಕೀರಪ್ಪನಂತೆ ಬಾಯಿ ತೆರೆಯುವುದಿಲ್ಲ. ಅದಾಗದಿದ್ದರೆ ಹತ್ತು ತಾಸಿನ ನನ್ನ ಬೆವರು ಎಲ್ಲಿ ಹೋಯಿತೆಂದು ತಿಳಿಸಬೇಕು. ಇನ್ನು, ಕಳೆದ ಹದಿನಾರು ವರ್ಷ ಮೂಗಿನಿಂದ ಒಳಗೆ ಹೋಗಿ ನನ್ನ ಎದೆಯಲ್ಲಿ ಕುಳಿತ ಅರಳೆಯ ಧೂಳಿದೆಯಲ್ಲ, ಅದು ಖರೇ ಮಾಲಕರದ್ದೇ, ನಾನು ಅಲ್ಲಗಳೆಯುವುದಿಲ್ಲ. ದಿನಾ ಬೆಳಿಗ್ಗೆ ಕೆಮ್ಮಿ ಕೆಮ್ಮಿ ಸ್ವಲ್ಪ ಸ್ವಲ್ಪವಾಗಿ ಮರಳಿಸುತ್ತಿದ್ದೇನೆ, ಪೂರ್ತಿ ಮರಳಿಸಲು ಅವಕಾಶ ಕೊಡಬೇಕು. ಮಾಲಕರನ್ನೂ ಒಮ್ಮೆ ಊಟದ ಮೊದಲು, ಒಮ್ಮೆ ಊಟದ ನಂತರ ಹತ್ತಿಸಿಕೊಳ್ಳಿರೆಂದು ಕೇಳುವವನಿದ್ದೆ, ಆದರೆ ತಾವು ಮುರಿದರೆ ಆ ಆಪಾದನೆಯೂ ನನ್ನ ಮೇಲೆಯೇ ಬಂದೀತೆಂದು ಬಿಟ್ಟಿದ್ದೇನೆ.

ಇಲ್ಲಿಯವರೆಗೆ ಮೂರು ಸಲ ತೂಕ ಏರಿ ಹೊರಬಿದ್ದವರು ನಾಲ್ವರು, ನಾಲ್ವರೂ ಅರ್ಜಿಗೆ ಹೆಬ್ಬೆರಳು ಒತ್ತಿದವರು. ಹತ್ತಿ ಆರಿಸುವ ದಾನವ್ವ ಕೊನೆಯ ದಿನ ಸೆರಗು ಜಾಡಿಸಿ "ನನ್ನ ಹೊಟ್ಟ್ಯಾಗ ಹತ್ತಿ ಗಿಡ ಬೆಳದದ ಅಂತ ಬರಕೋರಿ" ಎಂದು ಹೇಳಿ ಹೋದಳು. ಬೆರಳಿಗೆ ಹತ್ತಿದ ಮಸಿಯೇ ಇಷ್ಟು ಭಾರವಾದರೆ, ಇಡೀ ಅರ್ಜಿ ಬರೆದ ನನ್ನ ಗತಿಯೇನೆಂದು ನನಗೆ ಊಟ ಸೇರುತ್ತಿಲ್ಲ. ಸೇರದಿರುವುದೇ ಒಳ್ಳೆಯದು, ನಾಳೆ ಸಂಜೆ ನನ್ನ ಮೂರನೆಯ ಸಲ. ಮನೆಯಲ್ಲಿ ದುಡಿಯುವವನು ನಾನೊಬ್ಬನೇ.

ದಿನಕ್ಕೆರಡು ಸಲ ತಮ್ಮ ತಲೆಯ ಮೇಲೆ ಕಾಲಿಟ್ಟರೂ ಮನಸ್ಸಿನಲ್ಲಿ ತಮ್ಮ ಕಾಲಿನ ಕೆಳಗಿರುವ,

ತಮ್ಮ ವಿಶ್ವಾಸಿ
ಗೌಸಮೊದ್ದೀನ

ತಾಜಾ ಕಲಂ: ತಮ್ಮನ್ನು ಹತ್ತಿದವರೆಲ್ಲ ಕಡ್ಡಿಯನ್ನು ನೋಡುತ್ತಾರೆ. ನಾನು ಅಂಜುಬುರುಕ, ತಲೆ ತಗ್ಗಿಸಿ ನನ್ನ ಕಾಲುಗಳನ್ನೇ ನೋಡುತ್ತೇನೆ. ಶನಿವಾರ ಸಂಜೆ ತಮ್ಮ ಹಲಗೆಯ ಮೇಲೆ ಎರಡು ಬರಿಗಾಲುಗಳಿದ್ದವು, ಹಿಂದಿನ ಅಂಚಿನಲ್ಲಿ ಒಂದು ಕರಿ ಬೂಟಿನ ತುದಿಯೂ ಇತ್ತು. ನಾನು ಹುಟ್ಟಿದಾಗಿನಿಂದ ಬೂಟು ಮೆಟ್ಟಿದವನಲ್ಲ, ಮೂರು ಕಾಲಿನವನೂ ಅಲ್ಲ. ಮೂರನೆಯ ಇಯತ್ತೆಯವನ ಲೆಕ್ಕ ತಪ್ಪಿರಲೂಬಹುದು. ಆದ್ದರಿಂದ ನಾಳೆ ಸಂಜೆ ನಾನು ಹತ್ತಿದಾಗ, ರತ್ತಲು ಎಣಿಸುವ ಮೊದಲು, ಕಾಲುಗಳನ್ನು ಇನ್ನೊಮ್ಮೆ ಎಣಿಸಿ ನೋಡಬೇಕಾಗಿ ವಿನಂತಿ.