ಅಣ್ಣನ ಹಿಮ್ಮಡಿ

ನೌಬಾದದ ಕೈಲಾಶನಿಗೆ ಜೀವನದಲ್ಲಿ ಎರಡೇ ಎರಡು ಹೆಮ್ಮೆಗಳು. ಒಂದು, ನಲವತ್ತೈದು ದಾಟಿದರೂ ಮದುವೆಗೆ ಹೊಲಿಸಿದ ಪ್ಯಾಂಟು ಇವತ್ತಿಗೂ ಅವನ ಸೊಂಟಕ್ಕೆ ಸಡಿಲ. ಎರಡು, ಅವನು ಹುಟ್ಟಿದಾಗಿನಿಂದ ಯಾರ ಕಾಲನ್ನೂ ಹಿಡಿದವನಲ್ಲ! ಕೊಳಾರದ ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದ ಅವನಿಗೆ, ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಇವೆರಡನ್ನೂ ಯಾರಿಗಾದರೂ ಹೇಳದಿದ್ದರೆ ಊಟವೇ ಸೇರುತ್ತಿರಲಿಲ್ಲ.

ಇಂಥ ಮಹಾಶಯ ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಭೀಷ್ಮಪ್ರತಿಜ್ಞೆ ಮಾಡಿದ. ಗುಂಡುಗುಂಡಾಗಿದ್ದ ಹೆಂಡತಿ ಸಪನಾಳ ಕೊಬ್ಬು ಇಳಿಸಿಯೇ ತೀರುವುದು!

"ಇವತ್ತಿನಿಂದ ಈ ಮನ್ಯಾಗ ಭಜಿ ಬಂದ್, ತುಪ್ಪ ಬಂದ್. ನಿಮ್ಮ ತವರುಮನಿ ಭಾಲ್ಕಿಯಿಂದ ಡಬ್ಬಿಗಟ್ಟಲೆ ಬರ್ತಾವಲ್ಲ ಶೇಂಗಾ ಹೋಳಿಗಿ, ಅವೂ ಬಂದ್!"

"ಉಸಿರಾಡೋದು ಚಾಲೂ ಇರ್ಲೇನ್ರಿ?" ಎಂದಳು ಸಪನಾ, ಬಾಣಲೆಯಿಂದ ಭಜಿ ಎತ್ತುತ್ತ.

"ನಗಬ್ಯಾಡ! ನಿನ್ನ ರಕ್ತ ತಪಾಸ್ ಮಾಡಸ್ತೇನಿ. ಕೊಲೆಸ್ಟ್ರಾಲ್ ಎಷ್ಟದ ಅಂತ ಅಚ್ಚಾಗಿ ಬಂದ ಮ್ಯಾಲ ಗೊತ್ತಾಗ್ತದ."

"ನಾ ಒಬ್ಬಾಕಿನೇ ಯಾಕ? ನೀವೂ ಕೊಡ್ರಿ ಮತ್ತ."

"ಕೊಡ್ತೇನಿ, ಅದಕ್ಕೇನು! ಚೊಕ್ಕ ರಕ್ತ ಹ್ಯಾಂಗಿರ್ತದ ಅಂತ ಲ್ಯಾಬಿನವರೂ ಒಮ್ಮೆ ನೋಡ್ಲಿ!"

ಲ್ಯಾಬಿನವರು ನೋಡಿದರು. ಸಪನಾಳ ರಕ್ತದಲ್ಲಿ ಎಲ್ಲವೂ ಇರಬೇಕಾದ ಗೆರೆಯೊಳಗೇ ಇತ್ತು. ಕೈಲಾಶನ ಕೆಟ್ಟ ಕೊಲೆಸ್ಟ್ರಾಲು ಮಾತ್ರ ಗೆರೆ ದಾಟಿ, ಗೋಡೆ ಹಾರಿ, ಇನ್ನೂರ ಅರವತ್ತಕ್ಕೆ ಹೋಗಿ ಕುಳಿತಿತ್ತು.

"ಅದಲಾಬದಲಿ ಆಗ್ಯದ!" ಎಂದು ಕೈಲಾಶ ಕೂಗಿದ ಕೂಗಿಗೆ ಲ್ಯಾಬಿನ ಹುಡುಗಿ ಹೆದರಿ ಎದ್ದು ನಿಂತಳು. ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ. ಪಕ್ಕದ ಬೀದಿಯ ಲ್ಯಾಬಿಗೆ ಹೋಗಿ ಮತ್ತೊಮ್ಮೆ ರಕ್ತ ಕೊಟ್ಟ. ಅಲ್ಲಿ ಇನ್ನೂ ನಾಲ್ಕು ಹೆಚ್ಚು ಬಂತು!

ಡಾಕ್ಟರ್ ನಾಜಿಯಾ ಎರಡೂ ಕಾಗದಗಳನ್ನು ನೋಡಿದರು. ಆಮೇಲೆ ಕಾಗದ ಬಿಟ್ಟು ಅವನ ಕಣ್ಣನ್ನೇ ನೋಡತೊಡಗಿದರು.

"ರೆಪ್ಪಿ ಮ್ಯಾಲ ಈ ಹಳದಿ ಕಲೆ ಎಷ್ಟು ದಿನದಿಂದ ಅದಾವ್ರಿ?"

ಕೈಲಾಶನ ಎದೆ ಉಬ್ಬಿತು. "ಅದು ನಮ್ಮ ಮನೆತನದ ಬಂಗಾರದ ಗುರುತ್ರಿ! ನಮ್ಮಪ್ಪಗೂ ಇತ್ತು. ನಮ್ಮೂರು ಎಕಂಬಾದಾಗ ನಮಗ ಬಂಗಾರಗಣ್ಣಿನವರು ಅಂತಾರ."

"ಅಪ್ಪಾವ್ರು ಈಗ ಹ್ಯಾಂಗಿದ್ದಾರ್ರಿ?"

"ಹೋದ್ರು... ನಲವತ್ತೊಂಬತ್ತಕ್ಕ. ತೊಗರಿ ರಾಶಿ ಮಾಡ್ತಾ ಮಾಡ್ತಾ ಎದಿ ಹಿಡ್ಕೊಂಡು ಕುಂತ್ರು, ಏಳಲಿಲ್ಲ. ಯಾರದೋ ದೃಷ್ಟಿ ತಾಕ್ತು ಅಂದ್ರು ಊರಾಗ."

ಡಾಕ್ಟರ್ ಅವನ ಚಪ್ಪಲಿ ಬಿಡಿಸಿ, ಹಿಮ್ಮಡಿಯ ಮೇಲಿನ ನರವನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. ಅದು ಬಾವಿಯ ಹಗ್ಗದಷ್ಟು ದಪ್ಪವಾಗಿತ್ತು. ಕೈಲಾಶ ಅದನ್ನು ಇಷ್ಟು ದಿನ ನಡಿಗೆಯಿಂದ ಬಂದ ಶಕ್ತಿ ಎಂದುಕೊಂಡಿದ್ದ.

"ಇದೂ ಅದೇ ಕೊಬ್ಬು, ಕಣ್ಣಿನ ಬಂಗಾರಾನೂ ಅದೇ ಕೊಬ್ಬು," ಎಂದರು ಡಾಕ್ಟರ್. "ಹುಟ್ಟಿನಿಂದ ಬಂದದ್ರಿ. ರಕ್ತದಾಗಿನ ಕೊಬ್ಬು ಬಳಿದು ತೆಗೆಯೋ ಕೆಲಸ ಲಿವರಿಂದು. ನಿಮ್ಮದು ಆ ಕೆಲಸ ಅರ್ಧಕ್ಕರ್ಧ ಬಿಡ್ತದ."

"ಇದು ಭಾಲ್ಕಿ ತುಪ್ಪದ ಕೆಲಸ ಡಾಕ್ಟರ್!"

"ಬರೇ ತುಪ್ಪ ಇಷ್ಟು ಮಾಡೂದಿಲ್ರಿ. ಹಂಗಂತ ತುಪ್ಪ ಸುರಕೊಂಡು ತಿನ್ನಬ್ಯಾಡ್ರಿ ಮತ್ತ. ಊಟ ಹಗುರ ಇರ್ಲಿ, ನಡಿಗಿ ಇರ್ಲಿ. ಆದರ ನಿಮಗ ಬರೇ ಪಥ್ಯ ಸಾಲೂದಿಲ್ಲ, ದಿನಾ ಗುಳಗಿ ಬೇಕು, ಕಾಯಮ್. ನುಂಗಿದ್ರ ನಾಲ್ಕು ಮಂದಿ ಹಂಗ ಬಾಳ್ತೀರಿ. ಬಿಟ್ರ ಅಪ್ಪಾವ್ರ ದಾರಿ."

"ಇಂಥಾ ರೋಗ ಜಗತ್ತಿನಾಗ ನನಗೊಬ್ಬಗೇ ಏನ್ರಿ?"

"ಇಲ್ರಿ, ಎರಡು ನೂರ ಐವತ್ತು ಮಂದಿಗೆ ಒಬ್ಬರು ಸಿಗ್ತಾರ. ಭಾಳ ಮಂದಿಗೆ ಗೊತ್ತೇ ಇರೂದಿಲ್ಲ. ಒಬ್ಬರಿಗಿದ್ರ ಒಡಹುಟ್ಟಿದವರಿಗೆ, ಮಕ್ಕಳಿಗೆ ಬರೋ ಸಂಭವ ಅರ್ಧಕ್ಕರ್ಧ. ಹೆಣ್ಣು ಗಂಡು ಅಂತ ಭೇದ ಇಲ್ಲ. ಮಕ್ಕಳಿದ್ರ ಕರ್ಕೊಂಡು ಬರ್ರಿ. ಅಣ್ಣತಮ್ಮ ಯಾರರೆ ಅದಾರ?"

"ಇವರ ಅಣ್ಣ ಅದಾರ್ರಿ," ಎಂದಳು ಜತೆಗೆ ಬಂದಿದ್ದ ಸಪನಾ. "ಏಕನಾಥ ಭಾವ. ಐವತ್ತೆರಡು ಆಯ್ತು ಅವರಿಗೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಹಂಗಾದ್ರ ತಡ ಮಾಡಬ್ಯಾಡ್ರಿ. ಈ ವಾರದಾಗೇ ಹೇಳ್ರಿ ಅವರಿಗೆ."

ಇದ್ದೊಬ್ಬ ಮಗಳ ರಕ್ತ ಮರುದಿನವೇ ತಪಾಸಾಯಿತು. ಏನೂ ಇರಲಿಲ್ಲ. "ಅಪ್ಪನ ಗುಣ ಒಂದೂ ಬಂದಿಲ್ಲ, ದೇವರು ದೊಡ್ಡಾಂವ," ಎಂದು ಸಪನಾ ಅಲ್ಲೇ ಕೈಮುಗಿದಳು. ಕೈಲಾಶನೂ ಪಕ್ಕದಲ್ಲಿ ನಿಂತು ಕೈಮುಗಿದ.

ಆದರೆ ಅಣ್ಣನಿಗೆ ಹೇಳುವುದು ಹೇಗೆ? ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತು. ಏಕನಾಥನ ಮಗನ ಮದುವೆಯಲ್ಲಿ ಬೀಗರಿಗೆಲ್ಲ ರುಮಾಲು ಸುತ್ತಿ ಗೌರವಿಸುವಾಗ ರುಮಾಲು ಕಡಿಮೆ ಬಿದ್ದವು. ಮನೆಯವನೇ ತಾನೆ ಎಂದು ಕೈಲಾಶನ ತಲೆಗೆ ಒಂದು ಬಿಳಿ ಟೊಪ್ಪಿಗೆ ಇಟ್ಟರು. ಸ್ವಂತ ಚಿಕ್ಕಪ್ಪನಿಗೆ ಟೊಪ್ಪಿಗೆ! ಊಟ ಬಿಟ್ಟು ಎದ್ದುಬಂದ ಕೈಲಾಶ ಎಕಂಬಾದ ಕಡೆ ತಲೆ ಹಾಕಿ ಮಲಗಿರಲಿಲ್ಲ. ಎರಡು ಮನೆಗಳ ನಡುವೆ ಫೋನೂ ನಿಂತಿತ್ತು.

"ನಾನರೆ ಭಾವನೋರ ಮನಿ ಅಕ್ಕಗ ಫೋನ್ ಹಚ್ಚಲೇನ್ರಿ?" ಎಂದಳು ಸಪನಾ.

"ಹಚ್ಚಿದ್ರ ನಾ ಸೋತಂಗ! ಮಾತಾಡದೇ ಕೆಲಸ ಮುಗಸ್ತೇನಿ ನೋಡು. ಮೊದಲ ಅವನ ಹಿಮ್ಮಡಿ ನೋಡ್ತೇನಿ. ದಪ್ಪ ಇತ್ತಂದ್ರ, ಆಮ್ಯಾಲ ನೀ ಹೇಳು."

"ಭಾವನೋರ ಹಿಮ್ಮಡಿ ಕಳ್ಳತನದಿಂದ ನೋಡ್ತೀರಿ?"

"ಹಾಂ. ದೂರದಿಂದ!"

ಸಪನಾಳ ಜತೆ ಬೀದರಿನಿಂದ ಔರಾದಿನ ಬಸ್ಸು ಹತ್ತಿದ ಕೈಲಾಶನಿಗೆ ಹೊಸ ಚಾಳಿ ಅಂಟಿತ್ತು. ಒಬ್ಬೊಬ್ಬರ ರೆಪ್ಪೆಯನ್ನೂ ಬಗ್ಗಿ ಬಗ್ಗಿ ನೋಡುವುದು. ಎರಡು ನೂರ ಐವತ್ತಕ್ಕೆ ಒಬ್ಬ ಅಂದರೆ ಐದು ಬಸ್ಸಿಗೆ ಒಬ್ಬ. ಮುಂದಿನ ಸೀಟಿನ ಮುದುಕ ಇರಬಹುದೇ? ಕಂಡಕ್ಟರ್? ಆ ಹಸಿರು ಸೀರೆಯಾಕೆ? ಆಕೆ ಸೆರಗೆಳೆದುಕೊಂಡು ಕೆಕ್ಕರಿಸಿದಾಗ ಸಪನಾ ಅವನ ತೊಡೆ ಚಿವುಟಿದಳು. "ಈ ಬಸ್ಸಿಗೆ ನೀವೊಬ್ರೇ ಸಾಕು, ಸುಮ್ನ ಕುಂದ್ರಿ."

ಎಕಂಬಾದಲ್ಲಿ ಏಕನಾಥ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ನೆರೆಮನೆಯ ಹಣಮಂತಪ್ಪನ ಜತೆ ಸೋಯಾಬೀನಿನ ಮಾತಾಡುತ್ತಿದ್ದ. ತಮ್ಮನನ್ನು ಕಂಡು ಮಾತು ನಿಲ್ಲಿಸಿದ. ಸಪನಾ ಒಳಗೆ ಹೋದಳು. ಕೈಲಾಶ ಬೇವಿನ ಗಿಡದ ಕೆಳಗೆ ನಿಂತು, ಯಾರದೋ ಎತ್ತು ನೋಡುವವನಂತೆ ಅತ್ತ ತಿರುಗಿ, ಇತ್ತ ಕಣ್ಣು ಹಾಯಿಸಿದ. ಅಯ್ಯೋ ಕರ್ಮವೇ! ಹಿಮ್ಮಡಿ ಕಟ್ಟೆಯ ಕಡೆಗೆ ಒತ್ತಿಕೊಂಡಿತ್ತು. ಹೆಬ್ಬೆರಳು ಬಿಟ್ಟರೆ ಏನೂ ಕಾಣದು.

ಎರಡು ಹೆಜ್ಜೆ ಹತ್ತಿರ ಹೋದ. ಕಾಣಲಿಲ್ಲ. ಇನ್ನೆರಡು ಹೆಜ್ಜೆ ಹೋದ. ಊಹೂಂ! ಆಗ ಅವನ ತಲೆಯಲ್ಲಿ ಮಹಾ ಉಪಾಯವೊಂದು ಹೊಳೆಯಿತು. ಜೇಬಿನ ಬೀಗದ ಕೈಯನ್ನು ಅಣ್ಣನ ಕಾಲಬುಡದಲ್ಲೇ ಬೀಳಿಸಿ, ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ, ಎರಡು ಬೆರಳಲ್ಲಿ ಬಲಗಾಲಿನ ಹಿಮ್ಮಡಿ ಒತ್ತಿಯೇಬಿಟ್ಟ.

"ಹಣಮಂತಪ್ಪಾ! ನೋಡೋ! ನನ್ನ ತಮ್ಮ ಬಂದು ನನ್ನ ಕಾಲು ಹಿಡದಾನ!"

ಏಕನಾಥನ ಆ ಕೂಗು ಅರ್ಧ ಊರಿಗೆ ಕೇಳಿಸಿತು. ಕೈಲಾಶ ಏಳಲು ನೋಡಿದರೆ ಅಣ್ಣ ಅವನ ಹೆಗಲು ಹಿಡಿದು ತಬ್ಬಿಕೊಂಡುಬಿಟ್ಟಿದ್ದ. ಮಂದಿ ಓಡಿಬಂದರು. ಹಣಮಂತಪ್ಪ ಕಣ್ಣೊರೆಸಿಕೊಂಡ. "ರಕ್ತ ರಕ್ತಕ್ಕ ಎಳೀತದ್ರಿ, ಸುಳ್ಳಲ್ಲ," ಎಂದ. ಕೈಲಾಶ ಬಾಯಿ ತೆರೆದ. ನಾನು ಬರೇ ನರ ನೋಡಿದೆ ಎಂದು ಇಷ್ಟು ಮಂದಿಯ ಮುಂದೆ ಹೇಳುವುದೇ? ತೆರೆದ ಬಾಯಿ ಮುಚ್ಚಿದ. ಅಷ್ಟರಲ್ಲಿ ಯಾರೋ ತೆಂಗಿನಕಾಯಿ ಒಡೆದರು. ಒಳಗಿನಿಂದ ಗುಲಾಬಿ ರುಮಾಲು ಬಂತು. ಏಕನಾಥ ತನ್ನ ಕೈಯಾರೆ ತಮ್ಮನ ತಲೆಗೆ ಸುತ್ತಿದ. ಅದು ಕಣ್ಣಿನ ಮೇಲೆ ಜಾರಿ ಬಂಗಾರದ ಗುರುತನ್ನು ಮುಚ್ಚಿತು.

ಮಂದಿ ಚದುರಿದ ಮೇಲೆ ಊಟಕ್ಕೆ ಕುಳಿತರು. ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ತುಪ್ಪದ ಸುಳಿವೇ ಇರಲಿಲ್ಲ. ಕೈಲಾಶನ ಬೆರಳ ತುದಿಯಲ್ಲಿ ಆ ಹಗ್ಗದಂಥ ನರದ ನೆನಪಿತ್ತು. ತನ್ನದಕ್ಕಿಂತ ದಪ್ಪ!

"ಅಣ್ಣಾ," ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ನಿನಗೊಂದು ಮಾತು ಹೇಳಬೇಕು. ಅಪ್ಪ ಹೋದದ್ದು ದೃಷ್ಟಿಗೆ ಅಲ್ಲ..."

"ಕೊಲೆಸ್ಟ್ರಾಲಿಗೆ," ಎಂದ ಏಕನಾಥ, ರೊಟ್ಟಿ ಮುರಿಯುತ್ತ. ಅಂಗಿಯ ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು ತಾಟಿನ ಪಕ್ಕ ಇಟ್ಟ. "ಆರು ವರ್ಷ ಆಯ್ತು ನುಂಗ್ಲಕತ್ತು. ಮೂರು ನೂರಿದ್ದದ್ದು ಈಗ ನೂರಕ್ಕ ಬಂದದ."

"ಆರು ವರ್ಷ! ಮತ್ತ ನನಗ್ಯಾಕ ಹೇಳಲಿಲ್ಲೋ ಮಾರಾಯಾ?"

"ಹೇಳ್ಲಿಕ್ಕೇ ಬಂದಿದ್ದೆ, ಮಗನ ಮದುವಿ ಆದ ವರ್ಷಾನೇ, ನಿಮ್ಮ ನೌಬಾದಕ್ಕ. ಅಣ್ಣತಮ್ಮರಿಗೆ ಹೇಳ್ರಿ ಅಂದಿದ್ರು ಡಾಕ್ಟರು. ಒಳಗ ಟಿವಿ ಹಚ್ಚಿತ್ತು. ನಾ ಬಾಗಿಲ ಬಡದೆ. ಟಿವಿ ಬಂದ್ ಆಯ್ತು."

ಸಪನಾ ಗಂಡನನ್ನು ನೋಡಿದಳು. ಆ ಮಧ್ಯಾಹ್ನ ಅವಳು ಮಗಳೊಂದಿಗೆ ಭಾಲ್ಕಿಗೆ ಹೋಗಿದ್ದಳು. ರಿಮೋಟು ಹಿಡಿದು, ಉಸಿರು ಬಿಗಿಹಿಡಿದು, ಅಣ್ಣನ ಚಪ್ಪಲಿಯ ಸದ್ದು ದೂರವಾಗುವವರೆಗೆ ಕುಳಿತದ್ದು ಕೈಲಾಶನಿಗೆ ಚೆನ್ನಾಗಿ ನೆನಪಿತ್ತು. ಗೆದ್ದೆ ಎಂದುಕೊಂಡಿದ್ದ ಅವತ್ತು.

"ನನಗೂ ಸಿಟ್ಟು ಇರ್ತದಲ್ಲೋ," ಎಂದ ಏಕನಾಥ. "ಬಾಗಿಲ ತೆಗೀಲಿಲ್ಲ ಅಂತ ತಿರುಗಿ ಬಂದೆ. ಆದರ ನಿನಗ ನಲವತ್ತು ದಾಟಿದಾಗಿನಿಂದ ನೌಬಾದದ ಕಡಿ ಮಂದಿ ಯಾರರೆ ಫೋನ್ ಹಚ್ಚಿದ್ರ ಸಾಕು, ನಿನಗೇನರೆ ಆಯ್ತೇನೋ ಅಂತ ನನ್ನ ಎದಿ ಡವಗುಟ್ತಿತ್ತು."

"ಹಂಗಾದ್ರ... ನಾ ಈಗ ಹೊರಗ ಹಿಮ್ಮಡಿ ಒತ್ತಿದ್ದು?"

"ಗೊತ್ತಾಗಲಿಲ್ಲೇನು? ನನ್ನ ಡಾಕ್ಟರೂ ಅಲ್ಲೇ ಒತ್ತಿದ್ರು, ಹಂಗೇ, ಎರಡು ಬೆರಳಿಂದ!"

"ಗೊತ್ತಿದ್ದೂ ಊರೆಲ್ಲಾ ಕೂಡಿಸಿದಿ?"

"ಮತ್ತೇನು ಮಾಡ್ಲಿ? ನಿನ್ನಂಥಾಂವ ಬಗ್ಗೋದು ಅರವತ್ತು ವರ್ಷಕ್ಕೊಮ್ಮೆ. ಸಾಕ್ಷಿ ಬ್ಯಾಡೇನು?"

ಕೈಲಾಶ ತಾಟು ಸರಿಸಿ ಎದ್ದ. ಕೈ ತೊಳೆದುಕೊಂಡು ಬಂದು, ರುಮಾಲು ತೆಗೆದು ಪಕ್ಕಕ್ಕಿಟ್ಟು, ಯಾವ ಬೀಗದ ಕೈಯನ್ನೂ ಬೀಳಿಸದೆ, ಅಣ್ಣನ ಮುಂದೆ ನೆಟ್ಟಗೆ ಬಗ್ಗಿದ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ಈಗೇನು ನೋಡ್ಲಕತ್ತಿ?" ಎಂದ ಏಕನಾಥ. "ಬಲಗಾಲು ಆಗ್ಲೇ ನೋಡಿದಿಯಲ್ಲ."

"ಎಡಗಾಲು ಉಳದಿತ್ತಲ್ಲ, ಅಣ್ಣಾ."

"ಭಾವನೋರ, ಎಬ್ಬಸಬ್ಯಾಡ್ರಿ," ಎಂದಳು ಸಪನಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅಲ್ಲೇ ಅವರ ಟೊಂಕಾನೂ ಒಮ್ಮೆ ತಪಾಸ್ ಮಾಡ್ರಿ. ಅದು ಬಗ್ಗಿದ್ದು ಮದುವಿ ಆದಾಗಿಂದ ನಾ ಇವತ್ತೇ ನೋಡಿದ್ದು!"