ನನ್ನ ಗಂಡನ ಎದೆಯ ಮೇಲಿನ ಹಳದಿ ಕೊಳವೆಗೆ

ಮಾನ್ಯರೇ,

ಈಜುಕೊಳದ ಆಳದ ತುದಿಯಿಂದ ಈಗಷ್ಟೇ ಮೇಲೆ ಬಂದು, ತಲೆಗೂದಲು ಇನ್ನೂ ಒಣಗಿರದ ಸ್ಥಿತಿಯಲ್ಲಿ, ತಮ್ಮ ಪಾದಗಳಿಗೆ, ಅವು ಇಲ್ಲವಾದ್ದರಿಂದ ತಮ್ಮ ರಬ್ಬರಿನ ಬಾಯಿಗೆ, ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಾವು ಕ್ಷೇಮವಾಗಿಲ್ಲದಿದ್ದರೆ ಒಂದಲ್ಲ ಒಂದು ದಿನ ನಾನೂ ಇರುವುದಿಲ್ಲವೆಂದು ನಮಗೆ ಕಲಿಸುವವರು ಮೊದಲ ತರಗತಿಯಲ್ಲೇ ತಿಳಿಸಿರುವುದರಿಂದ, ತಮ್ಮ ಆರೋಗ್ಯದ ಬಗ್ಗೆ ನನಗಿರುವ ಕಾಳಜಿ ಬರೀ ಬಾಯುಪಚಾರದ್ದಲ್ಲ.

ಈ ಪತ್ರ ಬಹಿರಂಗವಾದ್ದರಿಂದ, ಓದುವ ಇತರರಿಗೆ ತಮ್ಮ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿಗೆ ಇಳಿಯುವವರು ಬಾಯಲ್ಲಿ ಒಂದು ಕಪ್ಪು ಕೊಳವೆಯ ತುದಿಯನ್ನು ಕಚ್ಚಿಕೊಂಡು ಅದರಿಂದ ಉಸಿರಾಡುತ್ತಾರೆ. ಅದೇ ಸಿಲಿಂಡರಿನಿಂದ ಹೊರಟ ಇನ್ನೊಂದು ಕೊಳವೆ, ಹಳದಿ ಬಣ್ಣದ್ದು, ಎದೆಯ ಮೇಲೆ ಕೊಕ್ಕೆಗೆ ಸಿಕ್ಕಿಸಿಕೊಂಡು ಕೆಲಸವಿಲ್ಲದೆ ತೂಗಾಡುತ್ತಿರುತ್ತದೆ. ಅದೇ ತಾವು. ತಮ್ಮನ್ನು ಹೊತ್ತವರಿಗೆ ತಮ್ಮಿಂದ ಏನೂ ಉಪಯೋಗವಿಲ್ಲ; ಜೊತೆಯಲ್ಲಿರುವವರ ಗಾಳಿ ಮುಗಿದುಹೋದರೆ ತಕ್ಷಣ ತೆಗೆದುಕೊಡಲೆಂದೇ ತಮ್ಮನ್ನು ಹೊತ್ತು ತಿರುಗುತ್ತಾರೆ. ಇಂಥ ನಿಸ್ವಾರ್ಥ ಜೀವನವನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ದೂರು ತಮ್ಮ ಗುಣದ ಮೇಲಲ್ಲ, ತಮ್ಮ ವಿಳಾಸದ ಮೇಲೆ. ತಾವು ಇರುವುದು ನನಗಾಗಿ, ಆದರೆ ತೂಗಾಡುತ್ತಿರುವುದು ನನ್ನ ಗಂಡನ ಎದೆಯ ಮೇಲೆ.

ನನ್ನ ಗಂಡ, ಅಂದರೆ ನಮ್ಮ ಮೇಷ್ಟ್ರು, ಭೂಗೋಳ ಪಾಠ ಮಾಡಿದವರು. ಇಡೀ ನೌಕರಿಯುದ್ದಕ್ಕೂ ಕಪ್ಪು ಹಲಗೆಯ ಮೇಲೆ ಸಮುದ್ರದ ತಳವನ್ನು ಬರೆದು, ಇದು ಇಳಿಜಾರು, ಇದು ಕಂದಕ, ಇದು ನೀರಲ್ಲಿ ಮುಳುಗಿದ ಬೆಟ್ಟ ಎಂದು ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿ, ಸ್ವತಃ ಮೊಣಕಾಲಿನ ಮೇಲೆ ನೀರು ತಾಗಿಸಿಕೊಳ್ಳದೆ ನಿವೃತ್ತರಾದ ಪುಣ್ಯಾತ್ಮರು. ಬೀಳ್ಕೊಡುಗೆಯಲ್ಲಿ ಕೊಟ್ಟ ಗೋಡೆ ಗಡಿಯಾರವನ್ನು ಬಸ್ಸಿನಲ್ಲಿ ಮರೆತು ಬರಿಗೈಯಲ್ಲಿ ಮನೆಗೆ ಬಂದ ಸಂಜೆ, ನನ್ನೆದುರು ಕುಳಿತು, "ಒಂದೇ ಒಂದ್ಸಲ ಕೆಳಗೆ ಹೋಗಿ ನೋಡ್ಬೇಕು ಕಣೇ, ನಾನು ಬರೆದಿದ್ದು ಸರಿಯಾಗಿತ್ತಾ ಅಂತ" ಎಂದರು. ಮದುವೆಯಾದಂದಿನಿಂದ ಅವರು ತಮಗಾಗಿ ಬಾಯಿಬಿಟ್ಟು ಕೇಳಿದ್ದು ಅದೊಂದೇ ಆದ್ದರಿಂದ ನಾನು ಹಿಂದೆಮುಂದೆ ನೋಡದೆ ಹೂಂ ಎಂದುಬಿಟ್ಟೆ. ನೀರಿನಡಿಗೆ ಒಬ್ಬೊಬ್ಬರೇ ಹೋಗುವಂತಿಲ್ಲ, ಜೋಡಿಯಾಗಿಯೇ ಹೋಗಬೇಕು, ಜೋಡಿ ಈಜುಕೊಳದ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಇಬ್ಬರಿಗೂ ಸಮುದ್ರವಿಲ್ಲ ಎಂಬ ನಿಯಮ ನನಗೆ ಗೊತ್ತಾದದ್ದು ಹೂಂ ಎಂದ ಮೇಲೆ.

ಮೇಷ್ಟ್ರ ಮರೆವಿನ ಕುರಿತು ತಮಗೆ ಅಷ್ಟಾಗಿ ಮಾಹಿತಿ ಇರಲಾರದು, ತಾವು ಪರಿಚಯವಾಗಿ ಇನ್ನೂ ಸ್ವಲ್ಪ ದಿನವಷ್ಟೇ ಆಗಿದೆ. ಒಮ್ಮೆ ಮನೆ ಬದಲಾಯಿಸುವಾಗ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದಾಗ ನಾನು ಕೈ ತೊಳೆಯಲು ಇಳಿದೆ. ವಾಪಸ್ಸು ಬಂದು ನೋಡಿದರೆ ಕಾರೂ ಇಲ್ಲ, ಕಾರಿನವರೂ ಇಲ್ಲ. ಬಕೆಟ್ಟು, ಹಾಸಿಗೆ, ಕಸಬರಿಕೆ ಎಲ್ಲವನ್ನೂ ಜೋಪಾನವಾಗಿ ತೆಗೆದುಕೊಂಡು ಹೋದ ಮಹಾನುಭಾವರು ಹೆಂಡತಿಯೊಬ್ಬಳನ್ನು ಬಿಟ್ಟು ಹೋಗಿದ್ದರು. ಹಿಂದಿನ ಸೀಟಿನಲ್ಲಿ ನಾನಿದ್ದೇನೆಂದುಕೊಂಡು ದಾರಿಯುದ್ದಕ್ಕೂ ಮುಂಗಾರು ಮಾರುತಗಳ ಬಗ್ಗೆ ಮಾತಾಡುತ್ತಾ ಹೋದರಂತೆ. ತುಂಬಾ ಹೊತ್ತಾದರೂ ಯಾರೂ ಎದುರು ಮಾತಾಡದಿದ್ದಾಗ ಅನುಮಾನ ಬಂದು ಹಿಂದಿರುಗಿ ನೋಡಿದರಂತೆ. ಆ ಬಂಕಿನ ಕಟ್ಟೆಯ ಮೇಲೆ ಕುಳಿತು ನಾನು ಸಿಟ್ಟನ್ನು ಎಷ್ಟು ಚೆನ್ನಾಗಿ ಬೆಳೆಸಿದೆನೆಂದರೆ ಅದು ಇವತ್ತಿಗೂ ನಮ್ಮ ಮನೆಯ ಎಲ್ಲ ಜಗಳಗಳಿಗೂ ಹಾಜರಾಗುತ್ತದೆ. "ಪೆಟ್ರೋಲ್ ಬಂಕು" ಎಂದು ನಾನು ಎರಡೇ ಪದ ಹೇಳಿದರೆ ಸಾಕು, ಮೇಷ್ಟ್ರು ತೆಪ್ಪಗಾಗುತ್ತಾರೆ. ಇಂಥ ಸಜ್ಜನರ ಎದೆಯ ಮೇಲೆ ನನ್ನ ಉಸಿರನ್ನು ನೇತುಹಾಕುವ ಮುನ್ನ ತಾವಾಗಲಿ ತಮ್ಮ ಕಂಪನಿಯವರಾಗಲಿ ನನ್ನನ್ನೊಂದು ಮಾತು ಕೇಳಬಹುದಿತ್ತು.

ಇನ್ನು ನನ್ನ ಪಾಡು. ನಾನು ಹಲ್ಲಿನ ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಜನರ ಬಾಯೊಳಗೆ ಹತ್ತಿ, ಕನ್ನಡಿ, ಕೊಳವೆ ತುಂಬಿಸಿ, "ಮೂಗಲ್ಲಿ ಉಸಿರಾಡಿ, ಗಾಬರಿ ಆಗ್ಬೇಡಿ, ಏನೂ ಆಗಲ್ಲ" ಎಂದು ಹೇಳಿ, ಅವರು ಉತ್ತರ ಕೊಡಲಾಗದ ಸ್ಥಿತಿಯಲ್ಲಿರುವುದನ್ನು ಖಚಿತಪಡಿಸಿಕೊಂಡ ಮೇಲೆ ಮಕ್ಕಳೇನು ಓದುತ್ತಿದ್ದಾರೆ ಎಂದು ವಿಚಾರಿಸುವುದು ನನ್ನ ಕಸುಬು. ಈಜುಕೊಳದಲ್ಲಿ ಪಾತ್ರ ಅದಲುಬದಲಾಯಿತು. ನಮಗೆ ಕಲಿಸುವವರು ಕಟ್ಟುಮಸ್ತಾದ ಹೆಂಗಸು. ಮಾತೆತ್ತಿದರೆ "ಉಸಿರು ಹಿಡೀಬೇಡಿ, ಗುಳ್ಳೆ ಬಿಡ್ತಾ ಇರಿ" ಎನ್ನುವುದರಿಂದ ನಾವು ಅವರಿಗೆ ಗುಳ್ಳೆ ಮೇಡಂ ಎಂದು ಹೆಸರಿಟ್ಟಿದ್ದೇವೆ. ಅವರು ನನ್ನ ಮೂಗನ್ನು ಗಾಜಿನ ಮಾಸ್ಕಿನೊಳಗೆ ಬಂಧಿಸಿ, ಬಾಯಿಗೆ ರಬ್ಬರು ತುರುಕಿ, "ಬಾಯಲ್ಲೇ ಉಸಿರಾಡಿ ಡಾಕ್ಟ್ರೇ, ಗಾಬರಿ ಆಗ್ಬೇಡಿ, ಏನೂ ಆಗಲ್ಲ" ಎಂದರು. ಏನೂ ಆಗಲ್ಲ ಎಂಬ ಮಾತಿಗೆ ಎಷ್ಟು ಬೆಲೆ ಎಂಬುದು ಅದನ್ನು ದಿನವೂ ಹೇಳುವವರಿಗೆ ಗೊತ್ತಿರುತ್ತದೆ. ಮಾಸ್ಕಿನೊಳಗೆ ಅರ್ಧ ನೀರು ತುಂಬಿಸಿಕೊಂಡು ಅದನ್ನು ಹೊರಹಾಕುವ ಪಾಠ ಬಂದಾಗ, ಬಾಯಲ್ಲಿ ಏನಾದರೂ ಇದ್ದರೆ ಮೂಗಿನಲ್ಲಿ ಉಸಿರಾಡಬೇಕೆಂಬ ನನ್ನದೇ ಉಪದೇಶವನ್ನು ನನ್ನ ಮೂಗು ಚಾಚೂ ತಪ್ಪದೆ ಪಾಲಿಸಿತು. ಕೊಳದ ಸಾಕಷ್ಟು ಭಾಗವನ್ನು ಒಳಗೆ ತೆಗೆದುಕೊಂಡು, ಕೆಮ್ಮುತ್ತಾ ಸೀನುತ್ತಾ ಮೇಲೆದ್ದ ನನಗೆ ಗುಳ್ಳೆ ಮೇಡಂ ಮತ್ತೆ ರಬ್ಬರು ತುರುಕಿ, "ಹೇಗಿತ್ತು?" ಎಂದು ವಿಚಾರಿಸಿದರು. ಅವರ ಕೆಳಸಾಲಿನಲ್ಲಿ ಒಂದು ಹಲ್ಲು ಹುಳುಕಾಗಿರುವುದನ್ನು ನಾನು ಆಗಲೇ ಗಮನಿಸಿಟ್ಟುಕೊಂಡಿದ್ದೇನೆ. ಒಂದಲ್ಲ ಒಂದು ದಿನ ಅವರು ನನ್ನ ಕುರ್ಚಿಗೆ ಬಂದೇ ಬರುತ್ತಾರೆ.

ತಮ್ಮ ಬಣ್ಣವನ್ನು ಹೊಗಳದೆ ಮುಂದೆ ಹೋದರೆ ಅಪಚಾರವಾದೀತು. ಕೆಸರು ನೀರಿನಲ್ಲೂ, ಗಾಬರಿಯಲ್ಲೂ, ಎಂಥ ದೃಷ್ಟಿಯವರಿಗೂ ತಾವು ಕಾಣಲಿ ಎಂದು ಇಷ್ಟು ಕಣ್ಣಿಗೆ ಹೊಡೆಯುವ ಹಳದಿಯನ್ನು ಆರಿಸಿದ್ದಾರಂತೆ. ಆರಿಸಿದವರು ನಮ್ಮ ಮೇಷ್ಟ್ರನ್ನು ನೋಡಿರಲಿಲ್ಲ. ಈ ವಿಷಯವನ್ನು ಫೋನಿನಲ್ಲಿ ಮಗಳಿಗೆ ಹೇಳಿದಾಗ ಅವಳು ಬಿದ್ದುಬಿದ್ದು ನಕ್ಕು, "ಅಮ್ಮಾ, ಅಪ್ಪಂಗೆ ಕಣ್ಮುಂದೆ ಇರೋ ಉಪ್ಪಿನ ಡಬ್ಬಿ ಸಿಗಲ್ಲ, ನೀನು ಅವರ ಹತ್ರ ಗಾಳಿ ಕೇಳ್ತಿದ್ದೀಯಾ?" ಎಂದಳು. ನಾನೂ ನಕ್ಕೆ. ಫೋನಿಟ್ಟ ಮೇಲೆ ನಗು ಬರಲಿಲ್ಲ.

ಅವಳ ಮಾತಿಗೆ ತಕ್ಕಂತೆಯೇ ಅಭ್ಯಾಸ ನಡೆಯಿತು. ಗಾಳಿ ಮುಗಿದವರು ಕತ್ತಿನ ಮುಂದೆ ಅಂಗೈಯನ್ನು ಅಡ್ಡಡ್ಡ ಆಡಿಸಬೇಕು, ಜೊತೆಯವರು ಕೂಡಲೇ ತಮ್ಮನ್ನು ಕೊಕ್ಕೆಯಿಂದ ಕಿತ್ತು ಕೊಡಬೇಕು, ಇಷ್ಟೇ ಪಾಠ. ಮೊದಲು ಕೊಳದ ಪಕ್ಕ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎದುರುಬದುರು ಕೂರಿಸಿ ಮಾಡಿಸಿದರು. ನಾನು ಕತ್ತು ಕುಯ್ದುಕೊಳ್ಳುವಂತೆ ಕೈ ಆಡಿಸಿದಾಗ ಮೇಷ್ಟ್ರು ಎದೆ, ಹೊಟ್ಟೆ, ಸೊಂಟ ಎಲ್ಲ ತಡಕಿ ಕೊನೆಗೆ ಕನ್ನಡಕದ ಪೆಟ್ಟಿಗೆಯನ್ನು ತೆಗೆದುಕೊಟ್ಟರು. ಕೊಳದೊಳಗೆ ಮಾಡಿಸಿದಾಗ, ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಮಾಪಕವನ್ನು ಎತ್ತಿ ಹಿಡಿದು, ನನ್ನದು ಬೇಕಾದಷ್ಟಿದೆ, ಯೋಚನೆ ಬೇಡ ಎಂಬಂತೆ ನನಗೆ ತೋರಿಸಿದರು. ಅದರ ಮುಂದಿನ ಸಲ ನಾನು ಕೈ ಆಡಿಸುತ್ತಲೇ ಇದ್ದೇನೆ, ಅವರು ನನ್ನ ಭುಜ ತಟ್ಟಿ, ಕೊಳದ ತಳ ಎಲ್ಲಿ ಇಳಿಜಾರಾಗುತ್ತದೆ ಎಂಬುದನ್ನು ಬೆರಳು ಮಾಡಿ ತೋರಿಸುತ್ತಿದ್ದಾರೆ. ತಾವೋ, ಅವರ ಗಲ್ಲದ ಕೆಳಗೇ ಹಳದಿಯಾಗಿ ಹೊಳೆಯುತ್ತಾ, ನನಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವಂತೆ ತೂಗಾಡುತ್ತಿದ್ದಿರಿ.

ಆದ್ದರಿಂದ ನಾನು ಈ ಕೆಲವು ಅಹವಾಲುಗಳನ್ನು ಸಿದ್ಧಪಡಿಸಿಕೊಂಡಿದ್ದೆ. ತಮಗೊಂದು ಗಂಟೆ ಕಟ್ಟಿಸಿಕೊಡಬೇಕು. ನಾನು ಕೈ ಆಡಿಸಿದೊಡನೆ ತಾವು "ರೀ ಮೇಷ್ಟ್ರೇ, ಇಲ್ಲಿದ್ದೀನಿ" ಎಂದು ಕೂಗುವುದನ್ನು ಕಲಿಯಬೇಕು. ಕೂಗಲು ಸಂಕೋಚವಾದರೆ ಅವರ ಮೂಗಿಗೊಂದು ಪೆಟ್ಟು ಕೊಡಬೇಕು. ಅದೂ ಆಗದಿದ್ದರೆ ಸಮುದ್ರವನ್ನು ನನ್ನ ಸೊಂಟದ ಮಟ್ಟಕ್ಕೆ ತಂದು ನಿಲ್ಲಿಸಲು ಸಂಬಂಧಪಟ್ಟವರಿಗೆ ತಾವೇ ಶಿಫಾರಸು ಮಾಡಬೇಕು. ಈ ಪಟ್ಟಿಯ ಕೆಳಗೆ ಸಹಿ ಮಾಡುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಇವತ್ತಿನ ಪರೀಕ್ಷೆ ಬಂತು.

ಇವತ್ತು ಗುಳ್ಳೆ ಮೇಡಂ ನನ್ನ ಬೆನ್ನ ಹಿಂದೆ ನಿಂತು, ಗಾಳಿ ಮುಗಿದರೆ ಹೇಗಾಗುತ್ತದೆಂದು ಗೊತ್ತಾಗಲಿ ಎಂದು, ನನ್ನ ಸಿಲಿಂಡರಿನ ನಲ್ಲಿಯನ್ನೇ ತಿರುಗಿಸಿಬಿಟ್ಟರು. ಮೊದಲೇ ಹೇಳಿದ್ದರು, ಕೈಯನ್ನು ನಲ್ಲಿಯ ಮೇಲೇ ಇಟ್ಟುಕೊಂಡಿದ್ದರು, ಭಯಪಡುವಂಥದ್ದೇನೂ ಇರಲಿಲ್ಲ. ಆದರೂ ಎಳೆದ ಉಸಿರು ಅರ್ಧದಲ್ಲೇ ಬಿಗಿದುಕೊಂಡಾಗ ನನ್ನ ಜೀವ ಬಾಯಿಗೆ ಬಂತು. ಕತ್ತಿನ ಮುಂದೆ ಕೈ ಆಡಿಸಿದೆ. ಎದುರಿಗಿದ್ದ ಮೇಷ್ಟ್ರ ಕಣ್ಣುಗಳು ಗಾಜಿನ ಹಿಂದೆ ತಟ್ಟೆಯಷ್ಟಗಲ ಆದವು. ಅವರು ಎದೆ ತಡಕಲಿಲ್ಲ, ಸೊಂಟ ತಡಕಲಿಲ್ಲ, ತಮ್ಮ ಕಡೆಗೆ ನೋಡಲೂ ಇಲ್ಲ. ಸೀದಾ ಅವರದೇ ಬಾಯಲ್ಲಿದ್ದ ಕಪ್ಪು ಕೊಳವೆಯನ್ನು ಕಿತ್ತು ನನ್ನ ಬಾಯಿಗಿಟ್ಟರು.

ಮಾನ್ಯರೇ, ನಾನು ಉಸಿರಾಡಿದೆ. ಒಂದಲ್ಲ, ಆಸೆಬುರುಕಿಯ ಹಾಗೆ ನಾಲ್ಕಾರು ಸಲ ಉಸಿರಾಡಿದೆ. ಆಮೇಲೆಯೇ ನನಗೆ ಎದುರಿನ ಮನುಷ್ಯ ಕಂಡದ್ದು. ಬಾಯಲ್ಲಿ ಏನೂ ಇಲ್ಲದೆ, ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಹೇಳಿಕೊಟ್ಟ ಹಾಗೆಯೇ ತುಟಿಯ ಸಂದಿಯಿಂದ ಸಣ್ಣ ಸಣ್ಣ ಗುಳ್ಳೆ ಬಿಡುತ್ತಾ, ಸರಿಯಾಯ್ತಾ ಎಂದು ಕಣ್ಣಲ್ಲೇ ಕೇಳುತ್ತಾ ನಿಂತಿದ್ದರು. ತಾವು ಅವರ ಗಲ್ಲದ ಕೆಳಗೆ, ಯಥಾಪ್ರಕಾರ, ಹಳದಿಯಾಗಿ ತೂಗಾಡುತ್ತಿದ್ದಿರಿ. ಗುಳ್ಳೆ ಮೇಡಂ ಮಿಂಚಿನಂತೆ ಮುಂದೆ ಬಂದು ತಮ್ಮನ್ನು ಕೊಕ್ಕೆಯಿಂದ ಕಿತ್ತು ಮೇಷ್ಟ್ರ ಬಾಯಿಗೆ ಒತ್ತದಿದ್ದರೆ ಅವರು ಹಾಗೆಯೇ ನಿಂತಿರುತ್ತಿದ್ದರೋ ಏನೋ.

ಮೇಲೆ ಬಂದ ಮೇಲೆ ಮೇಡಂ ಇಬ್ಬರನ್ನೂ ಫೇಲು ಮಾಡಿದರು. "ಮೇಷ್ಟ್ರೇ, ಹಳದಿದು ಕೊಡಿ ಅಂದ್ರೆ ಬಾಯಲ್ಲಿರೋದನ್ನೇ ಕೊಟ್ರಲ್ಲ, ನಿಮ್ಮ ಗತಿ ಏನು?" ಎಂದು ಗದರಿದರು. ಮೇಷ್ಟ್ರು ಪೆಚ್ಚುಮೋರೆ ಹಾಕಿಕೊಂಡು, "ಅದೊಂದಿದೆ ಅಂತ ನೆನಪೇ ಆಗ್ಲಿಲ್ಲ ಮೇಡಂ. ಬಾಯಲ್ಲಿದ್ದಿದ್ದರಲ್ಲಿ ಗಾಳಿ ಬರ್ತಾ ಇದೆ ಅಂತ ಮಾತ್ರ ಗೊತ್ತಿತ್ತು" ಎಂದರು. "ಇದು ಬರೀ ಪರೀಕ್ಷೆ, ನಾನು ಹಿಂದೆ ಇರ್ತೀನಿ ಅಂತ ಹೇಳಿದ್ನಲ್ಲ?" ಎಂದು ಮೇಡಂ ಕೇಳಿದಾಗ ಅವರು ತಲೆ ಕೆರೆದುಕೊಂಡು, "ಹೌದಲ್ವಾ, ಅದೂ ಮರ್ತೋಗಿತ್ತು" ಎಂದರು.

ಈಜುಕೊಳದಲ್ಲಿ ಒಂದು ಅನುಕೂಲವಿದೆ, ಮುಖ ಒದ್ದೆಯಾಗಿದ್ದರೆ ಯಾರೂ ಕಾರಣ ಕೇಳುವುದಿಲ್ಲ. ಬಟ್ಟೆ ಬದಲಾಯಿಸುವ ಕೋಣೆಯ ಬೆಂಚಿನ ಮೇಲೆ ಕುಳಿತು ನಾನು ಚೆನ್ನಾಗಿ ಅತ್ತೆ. ಇಷ್ಟು ವರ್ಷ ಸಾಕಿ ಸಲಹಿದ ನನ್ನ ಪೆಟ್ರೋಲ್ ಬಂಕಿನ ಸಿಟ್ಟು, ಎಂಥ ಜಗಳದಲ್ಲೂ ಕೈಕೊಡದ ನನ್ನ ಬ್ರಹ್ಮಾಸ್ತ್ರ, ಇನ್ನು ಯಾವ ಮುಖವಿಟ್ಟುಕೊಂಡು ಅದನ್ನು ಎತ್ತಲಿ? ಆ ಹೊತ್ತಿನಲ್ಲಿ ಅವರ ಕಣ್ಣಿಗೆ ಬೀಳದೆ ಉಳಿದು ನನ್ನ ಕೈಯಿಂದ ಅದನ್ನು ಕಿತ್ತುಕೊಂಡವರು ತಾವು. ತಮ್ಮ ಮೇಲೆ ನನ್ನ ನಿಜವಾದ ದೂರು ಇದೇ.

ಮುಂದಿನ ವಾರ ಮರುಪರೀಕ್ಷೆ, ಪಾಸಾದರೆ ಸಮುದ್ರ. ಆದ್ದರಿಂದ ಮೇಲಿನ ಅಹವಾಲುಗಳನ್ನೆಲ್ಲ ವಾಪಸ್ಸು ಪಡೆದು ಒಂದನ್ನೇ ಉಳಿಸಿಕೊಂಡಿದ್ದೇನೆ. ದಯವಿಟ್ಟು, ಕೈ ಮುಗಿದು ಕೇಳುತ್ತೇನೆ, ಅವರ ಕಣ್ಣಿಗೆ ಬೀಳಿ. ಇಲ್ಲಿಯವರೆಗೆ ನನಗೆ ನನ್ನ ಉಸಿರಿನ ಚಿಂತೆಯಿತ್ತು. ಈಗ ಗೊತ್ತಾಗಿದೆ, ನನ್ನದಕ್ಕೇನೂ ಕೊರತೆಯಾಗುವುದಿಲ್ಲ. ಅಲ್ಲಿ ಆಳದಲ್ಲಿ ನನ್ನ ಗಾಳಿ ಮುಗಿದರೆ ಈ ಮನುಷ್ಯ ಮತ್ತೆ ತನ್ನದನ್ನೇ ಕಿತ್ತು ಕೊಟ್ಟು, ಗುಳ್ಳೆ ಬಿಡುತ್ತಾ ನಿಲ್ಲುತ್ತಾನೆ. ಅದಕ್ಕೆ ಕೈ ಆಡಿಸುವ ಮೊದಲೇ ತಮ್ಮನ್ನು ನಾನೇ ಕಿತ್ತುಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದೇನೆ; ಇವತ್ತು ಮನೆಗೆ ಬಂದಾಗಿನಿಂದ ಅವರ ಅಂಗಿಗೆ ಹಳದಿ ಕರವಸ್ತ್ರ ಸಿಕ್ಕಿಸಿ ಕಣ್ಣು ಮುಚ್ಚಿಕೊಂಡು ಎಳೆಯುತ್ತಿದ್ದೇನೆ. ಯಾಕೆ ಎಂದು ಅವರು ಇನ್ನೂ ಕೇಳಿಲ್ಲ.

ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳುವಿರೆಂದು, ಹೊಟ್ಟೆ ಇಲ್ಲದಿದ್ದರೂ, ನಂಬಿರುವ

ತಮ್ಮ ವಿಶ್ವಾಸಿ,
ಹಲ್ಲಿನ ಡಾಕ್ಟರು
(ಮೇಷ್ಟ್ರ ಜೋಡಿ)

ತಾ.ಕ.: ಮನೆಯ ಬೀಗದ ಕೈ ಇದ್ದ ನನ್ನ ಚೀಲವನ್ನು ಮೇಷ್ಟ್ರು ಈಜುಕೊಳದಲ್ಲೇ ಮರೆತು ಬಂದದ್ದರಿಂದ ಇವತ್ತು ಒದ್ದೆ ತಲೆಯಲ್ಲಿ ಬಾಗಿಲ ಹೊರಗೆ ನಿಂತಿದ್ದೆವು, ಈ ಪತ್ರವನ್ನು ಮೊದಲು ಬರೆದದ್ದು ಅಲ್ಲೇ ಮೆಟ್ಟಿಲ ಮೇಲೆ ಕುಳಿತು. ಬೈದೆ, ಆದರೆ ಬಂಕಿನ ಮಾತೆತ್ತಲಿಲ್ಲ. ಚೀಲ ತರಲು ಹೇಗೂ ಹೋಗುತ್ತೀರಲ್ಲ ಎಂದು ತಮಗೆ ಬರೆದ ಮೂಲ ಪತ್ರವನ್ನು ಅವರ ಕೈಯಲ್ಲೇ ಕೊಟ್ಟು ಕಳಿಸಿದೆ. ಚೀಲವನ್ನೂ ಪತ್ರವನ್ನೂ ಬಿಟ್ಟು, ನನಗೆಂದು ಒಂದು ಒಣ ಟವೆಲು ಹಿಡಿದುಕೊಂಡು ಬಂದರು. ಚೀಲವನ್ನು ಕೊನೆಗೆ ನಾನೇ ಹೋಗಿ ತಂದೆ; ಪತ್ರ ಎಲ್ಲಿ ಬಿತ್ತೋ ಅವರಿಗೂ ನೆನಪಿಲ್ಲ. ಆದ್ದರಿಂದಲೇ ಅದನ್ನು ನೆನಪಿನಿಂದ ಮತ್ತೆ ಬರೆದು, ಹೀಗೆ ಬಹಿರಂಗವಾಗಿ ಪ್ರಕಟಿಸಬೇಕಾಯಿತು.