ಸೌಂಡ್ ಮೀಟರು ಮತ್ತು ನನ್ನ ಹಣೆಬರಹ

ತುಮಕೂರಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಬಾಗಿಲು ತೆಗೆದಿಟ್ಟರೆ ಸಾಕು, ಯಾರಾದರೂ ಬಂದು ಏನಾದರೊಂದು ಮಾಡಿ ಹೋಗುತ್ತಾರೆ. ತೊಂದರೆ ಏನೆಂದರೆ, ನಗುವವರು ಊರಿನವರು. ನಾನು ತಲೆ ಮೇಲೆ ಕೈ ಹೊತ್ತು ಕೂರುವವನು.

ಕ್ಯಾಸೆಟ್ಟಿನ ಕಾಲ, ತೊಂಬತ್ತರ ದಶಕ. ಶೆಟ್ಟಿಹಳ್ಳಿಯ ನಮ್ಮ ಬಾಡಿಗೆ ಮನೆಯ ಮುಂದಿನ ರೂಮೇ ಸ್ಟುಡಿಯೋ. ಒಂದು ಮೈಕು, ಒಂದು ಮಿಕ್ಸರು, ಒಂದು ಟೇಪ್ ಡೆಕ್ಕು. ಆಟೋದಲ್ಲಿ ಕೂಗಿಸಿಕೊಂಡು ಹೋಗುವ ಜಾಹೀರಾತೇ ಹೊಟ್ಟೆಪಾಡು. ಆದರೆ ಆಸೆ ದೊಡ್ಡದಿತ್ತು. ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯ ಮ್ಯಾನೇಜರಿಗೆ ನಾನು ಮಾಡಿದ ಭಕ್ತಿಗೀತೆಯ ಟೇಪು ಕೇಳಿಸಿದ್ದೆ. ಅವರು ಸ್ವಲ್ಪ ಹೊತ್ತು ಕೇಳಿ ಹೆಡ್‌ಫೋನ್ ಕಿತ್ತಿಟ್ಟರು.

"ಎಲ್ಲಾ ಕಡೆ ಒಡೀತಿದೆಯಲ್ರೀ! ಮೀಟರ್ ನೋಡ್ಕೊಂಡು ಒಡೀದೆ ಇರೋ ಮಾಸ್ಟರ್ ಟೇಪ್ ಒಂದು ಮಾಡ್ಕೊಂಡು ಬನ್ನಿ. ಚೆನ್ನಾಗಿದ್ರೆ ವರ್ಷಪೂರ್ತಿ ಕೆಲಸ ಕೊಡ್ತೀನಿ. ಮತ್ತೆ ಹಿಂಗೇ ಆದ್ರೆ ಈ ಕಡೆ ಬರ್ಲೇಬೇಡಿ."

ಸೌಂಡು ಜಾಸ್ತಿಯಾಗಿ, ಟೇಪು ತಾಳಲಾರದೆ ದನಿ ಕರಕರ ಅನ್ನುವುದಕ್ಕೆ ಒಡೆಯುವುದು ಅನ್ನುತ್ತೇವೆ. ಹಾಗಾಗದಂತೆ ನೋಡಿಕೊಳ್ಳಲು ಇರುವುದೇ ಮೀಟರು. ಒಡೆಯದ ಒಂದೇ ಒಂದು ಟೇಪು ಮಾಡಿದರೆ ನಾನು ಆಟೋ ಜಾಹೀರಾತಿನಿಂದ ಪಾರಾಗುತ್ತಿದ್ದೆ. ಅಷ್ಟೇ ನನಗೆ ಬೇಕಾಗಿದ್ದದ್ದು.

ಖಾಲಿ ಬಿಟ್ಟ ಜಾಗ

ನನ್ನ ಮೊದಲ ಮೀಟರು ಮುಳ್ಳಿನದು. ಎಡಗಡೆ ಮುಕ್ಕಾಲು ಭಾಗ ಕಪ್ಪು ಗೀಟು, ಬಲಗಡೆ ಕಾಲು ಭಾಗ ಕೆಂಪು. ಮುಳ್ಳು ಕೆಂಪಿನ ಅಂಚನ್ನು ಮುಟ್ಟಿ ಮುಟ್ಟಿ ವಾಪಸ್ ಬರುತ್ತಿದ್ದರೆ ಸರಿ. ಕೆಂಪಿನಲ್ಲೇ ಬಿಡಾರ ಹೂಡಿದರೆ ಕೆಟ್ಟಿತು.

ಚಪ್ಪಲಿ ಅಂಗಡಿಯ ಸಾಹೇಬರು ಹಬ್ಬದ ಸೇಲಿನ ಜಾಹೀರಾತು ಮಾಡಿಸಲು ಬಂದರು. ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಮುಳ್ಳನ್ನೇ ದಿಟ್ಟಿಸಿದರು.

"ಮುಳ್ಳು ಯಾಕೆ ಅಲ್ಲೇ ನಿಂತೋಯ್ತದೆ?"

"ಅದರಿಂದಾಚೆ ಹೋದ್ರೆ ಒಡೆಯುತ್ತೆ ಸಾಹೇಬ್ರೆ."

"ಅರೆ, ಆಚೆ ಅಷ್ಟು ಜಾಗ ಖಾಲಿ ಐತಲ್ಲ?"

"ಅದು ಖಾಲಿನೇ ಇರ್ಬೇಕು."

ಸಾಹೇಬರಿಗೆ ನನ್ನ ಮೇಲೆ ನಿಜವಾಗಿಯೂ ಮರುಕ ಹುಟ್ಟಿತು. "ಪೂರ್ತಿ ಸೈಟಿಗೆ ದುಡ್ಡು ಕೊಟ್ಟು ಮುಕ್ಕಾಲಲ್ಲಿ ಮನೆ ಕಟ್ಟೋರು ಯಾರಾದ್ರೂ ಇದಾರಾ ಸ್ವಾಮಿ? ಹೋಗಿ, ಕಾಂಪೌಂಡ್‌ವರೆಗೂ ಹೋಗಿ."

ಕಾಂಪೌಂಡ್‌ವರೆಗೂ ಹೋದೆ. ಆಟೋ ಊರೆಲ್ಲ ಸುತ್ತಿತು. ಅಂಗಡಿ ಯಾವುದು, ಸೇಲು ಯಾತರದ್ದು, ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಮಾರನೇ ದಿನ ಸಾಹೇಬರು ಬಂದಾಗ ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವರು ನನ್ನನ್ನು ತಬ್ಬಿಕೊಂಡರು.

"ಏನ್ ಸೌಂಡು ಭಾಯಿ! ಬೀದಿಗೆ ಬೀದಿನೇ ಅಂಗಡಿಗೆ ಬಂದಿತ್ತು."

"ಚಪ್ಪಲಿಗಾ?"

"ಇಲ್ಲ, ಆಟೋ ನಿಲ್ಸಿ ಅಂತ ಹೇಳಕ್ಕೆ. ಹಿಂದಗಡೆ ಬ್ಯಾನರ್ ನೋಡ್ಕೊಂಡು ಬಂದವ್ರೆ. ಬಂದವ್ರು ಬರಿಗೈಲಿ ಹೋಗ್ತಾರಾ? ಹತ್ತು ಜೋಡಿ ಹೋಯ್ತು."

ಬಾಗಿಲಾಚೆಯ ರಾಕ್ಷಸ

ಆಮೇಲೆ ಗುಬ್ಬಿ ಕಡೆಯ ಹಳೇ ನಾಟಕದ ನಟರೊಬ್ಬರು ಬಂದರು. ಮೈಕಿಲ್ಲದ ಕಾಲದಲ್ಲಿ ರಾಕ್ಷಸನ ಪಾತ್ರ ಮಾಡಿ ಹೆಸರಾದವರು. ಅವರ ಸಂಭಾಷಣೆಗಳನ್ನು ಕ್ಯಾಸೆಟ್ ಮಾಡಿಸಬೇಕೆಂದು ಮಕ್ಕಳ ಆಸೆ. ಇದೇ ನನ್ನ ಒಡೆಯದ ಟೇಪು ಆಗಬಹುದು ಅಂತ ನಾನೂ ಹುರುಪಿನಲ್ಲಿದ್ದೆ.

ಅವರು "ಎಲವೋ" ಅಂದರು. ಮುಳ್ಳು ಟಕ್ ಅಂತ ಬಲಗಡೆಯ ಕಂಬಿಗೆ ಬಡಿಯಿತು.

"ಸ್ವಲ್ಪ ಮೆತ್ತಗೆ ಹೇಳಿ ಯಜಮಾನ್ರೆ."

"ಮೆತ್ತಗೆ ಹೇಳಕ್ಕೆ ನಾನೇನ್ ಮಂತ್ರಿ ಪಾರ್ಟಾ? ಕೊನೇ ಸಾಲಿಗೆ ಕೇಳ್ಬೇಕು!"

ರೂಮಿನ ಮೂಲೆಗೆ ನಿಲ್ಲಿಸಿದೆ. ಟಕ್. ನಡುಮನೆಗೆ ಕಳಿಸಿದೆ. ಟಕ್. ಕೊನೆಗೆ ಬೀದಿಗೆ ಕಳಿಸಿ, ಬಾಗಿಲು ಹಾಕಿ, ಒಳಗಿನ ಮೈಕನ್ನು ಬಾಗಿಲ ಕಡೆ ತಿರುಗಿಸಿದೆ. ಆಹಾ, ಮುಳ್ಳು ಎಲ್ಲಿರಬೇಕೋ ಅಲ್ಲಿಗೆ ಬಂದು ಕೂತಿತು.

ಹೊರಗೆ ಅವರು ನಮ್ಮ ಬಾಗಿಲ ಮುಂದೆ ನಿಂತು, "ಹೇಡಿ! ಹೊರಗೆ ಬಾರೋ! ನಿನ್ನ ವಂಶ ನಿರ್ವಂಶ ಮಾಡುತ್ತೇನೆ!" ಅಂತ ಅಬ್ಬರಿಸುತ್ತಿದ್ದರು. ಬೀದಿಯ ಜನ ಸೇರಿದರು. ನಾನು ಅವರಿಗೇನೋ ಅನ್ಯಾಯ ಮಾಡಿದ್ದೇನೆ ಅಂದುಕೊಂಡ ಎದುರುಮನೆಯ ಆಂಟಿ ಹತ್ತಿರ ಬಂದು ಹೇಳಿದ್ದು ಟೇಪಿನಲ್ಲಿ ಸ್ವಚ್ಛವಾಗಿ ಬಿದ್ದಿತ್ತು: "ಇನ್ನೂ ಬೈಯಿ ಯಜಮಾನ, ಬುಡ್ಬೇಡ. ದಿನಾ ಇವ್ನ್ ಗಲಾಟೆ ಕೇಳಿ ಕೇಳಿ ನಮ್ಗೂ ಸಾಕಾಗೈತೆ."

ಆಮೇಲೆ ಅವರು ಆವೇಶ ಬಂದು ಬಾಗಿಲಿಗೇ ಬಾಯಿಟ್ಟು ಕೂಗಿದರು, ಮುಳ್ಳು ಕಂಬಿಗೆ ಬಡಿದು ಅಲ್ಲೇ ಸತ್ತಿತು. ಇಡೀ ಟೇಪಿನಲ್ಲಿ ಲೆವೆಲ್ ಸರಿಯಾಗಿ ಬಂದು, ಸ್ಪಷ್ಟವಾಗಿ ಕೇಳುವ ಮಾತು ಅಂದರೆ ಆಂಟಿಯದೊಂದೇ.

ಬುದ್ಧಿಯವರ ಲೈಟು

ಹೊಸ ಮೀಟರಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವನು ಎರಡು ತರಹದ್ದು ಮುಂದಿಟ್ಟ. "ಮುಳ್ಳಿಂದು ನಿಧಾನ ಸಾರ್, ನಮ್ಮ ಕಿವಿ ಥರ. ಒಟ್ಟಾರೆ ಎಷ್ಟು ಜೋರಾಗಿದೆ ಅಂತ ಹೇಳುತ್ತೆ. ಲೈಟಿಂದು ಚುರುಕು. ಒಂದ್ ಕ್ಷಣ ಸೌಂಡ್ ಏರಿದ್ರೂ ಹಿಡಿಯುತ್ತೆ."

"ಯಾವ್ದು ತಗೊಳ್ಲಿ?"

"ಎರಡೂ ಬೇಕು ಸಾರ್." ಅಂಗಡಿಯವರೆಲ್ಲ ಹೀಗೇ.

ಲೈಟಿನದೊಂದನ್ನೇ ತಂದೆ. ಕೆಳಗಿಂದ ಮೇಲಕ್ಕೆ ಹಸಿರು, ಹಳದಿ, ತುದಿಯಲ್ಲಿ ಕೆಂಪು. ಅದೇ ಸಮಯಕ್ಕೆ ಬೆಳ್ಳಾವಿ ಕಡೆಯ ಒಂದು ಮಠದವರು ಸ್ವಾಮಿಗಳ ಆಶೀರ್ವಚನವನ್ನೂ ಊರಿನ ಮುಖಂಡರ ನಾಲ್ಕು ಮಾತನ್ನೂ ಕ್ಯಾಸೆಟ್ ಮಾಡಿಸಲು ಒಪ್ಪಿದರು. ಹಿಂದಿನ ದಿನವೇ ಭಕ್ತರು ಬಂದು ರೂಮು ನೋಡಿ ಹೌಹಾರಿದರು. ಸೌಂಡು ಗುಂಯ್ ಅನ್ನದಿರಲಿ ಅಂತ ನಾನು ಗೋಡೆಗೆಲ್ಲ ಮೊಟ್ಟೆ ಟ್ರೇ ಹೊಡೆದಿದ್ದೆ. ಅಷ್ಟನ್ನೂ ಕಿತ್ತು ತೆಂಗಿನ ನಾರಿನ ಹಾಸಿಗೆ ಕಟ್ಟಿದೆ.

ಸ್ವಾಮಿಗಳು ವಯಸ್ಸಾದವರು, ಮೃದು ಮಾತು. ಕೆಳಗಿನ ಮೂರು ಹಸಿರು ಲೈಟು ಹತ್ತಿದವು. ಮುಖಂಡರು ಬಾಯಿ ತೆಗೆದರು ನೋಡಿ, ತುದಿಯ ಕೆಂಪಿನವರೆಗೂ ಝಗಝಗ.

"ನಿಲ್ಸ್ರೀ!" ಅಂದರು ಭಕ್ತರಲ್ಲೊಬ್ಬರು. "ಬುದ್ಧಿಯೋರ್ಗೆ ಮೂರು ಲೈಟು, ಇವ್ರಿಗೆ ಅಷ್ಟೂ ಲೈಟಾ?"

ಮುಖಂಡರು ಗಾಬರಿಯಾದರು. "ತಪ್ಪಾಯ್ತು ಬುದ್ಧಿ. ನಂದು ಎರಡಕ್ಕಿಳ್ಸಪ್ಪ."

ಅವರ ಹಿಂಬಾಲಕ ಬಿಡಲಿಲ್ಲ. "ಎರಡಾ? ಅಣ್ಣ, ಮರ್ಯಾದೆ ಪ್ರಶ್ನೆ!"

ಗಲಾಟೆ ಏರುತ್ತಿದ್ದಂತೆ ಸ್ವಾಮಿಗಳು ನಕ್ಕು, "ಯಾರಿಗೂ ಬೇಡ, ಮುಚ್ಚಿಬಿಡಪ್ಪ ಅದನ್ನ" ಅಂದರು. ಮೀಟರಿನ ಮೇಲೆ ಟವೆಲ್ ಹೊದಿಸಿದೆ. ಕಣ್ಣು ಕಟ್ಟಿಕೊಂಡು ಬೈಕು ಓಡಿಸಿದ ಹಾಗೆ ರೆಕಾರ್ಡ್ ಮಾಡಿದೆ. ಸ್ವಾಮಿಗಳ ದನಿ ಕೇಳಿಸಲೇ ಇಲ್ಲ, ಮುಖಂಡರದ್ದು ಆದ್ಯಂತ ಒಡೆಯಿತು. ಭಕ್ತರು ಕೇಳಿ ತಲೆದೂಗಿದರು: "ಈಗ ಸರ್ಯಾಯ್ತು. ಇಬ್ರದ್ದೂ ಒಂದೇ ಸಮ, ಏನೂ ಅರ್ಥ ಆಗ್ತಿಲ್ಲ."

ಹತ್ತದ ಕೆಂಪು

ಎರಡು ಸಾವಿರನೇ ಇಸವಿಯ ಹೊತ್ತಿಗೆ ಮೂರನೇ ಮೀಟರು ಬಂತು. ಅಂಗಡಿಯವನು ಹೇಳಿದ್ದಂತೆ ಎರಡೂ ಸೇರಿದ್ದು. ನಿಧಾನಕ್ಕೆ ಮುಳ್ಳು, ಅದರ ಮೇಲೆ ಒಂದು ಪುಟ್ಟ ಕೆಂಪು ಲೈಟು. ಸೌಂಡು ಒಂದು ಕ್ಷಣ ಒಡೆದರೂ ಅದು ಹತ್ತುತ್ತದೆ. ಹೆಂಡತಿ ಹೇಳಿಬಿಟ್ಟಿದ್ದಳು: "ಇದೊಂದ್ಸಲ ನೋಡಿ. ಆಗ್ಲಿಲ್ಲ ಅಂದ್ರೆ ಈ ರೂಮಲ್ಲಿ ಹಿಟ್ಟಿನ ಗಿರಣಿ ಹಾಕೋಣ. ಅದ್ರ ಸೌಂಡಿಗೆ ಮೀಟರ್ ಬೇಕಿಲ್ಲ."

ದೇವರಂತೆ ಬಂದವರು ಕುಣಿಗಲ್ಲಿನ ರಾಗಿ ಮಂಡಿಯ ಯಜಮಾನರು. ಶಿವಭಕ್ತರು, ಭಜನೆ ಹಾಡುವವರು. ತುಂಬು ಕಂಠ, ಏರಿಳಿತವೆಲ್ಲ ಹದ. ನನ್ನ ಜೀವನದಲ್ಲಿ ಅಂಥ ಗಿರಾಕಿ ಬಂದಿರಲಿಲ್ಲ. ಹಾಡುವಾಗ ಆಗಾಗ ಆ ಲೈಟಿನ ಕಡೆ ನೋಡಿ ಮುಖ ಸಣ್ಣ ಮಾಡುತ್ತಿದ್ದರು. ಭಕ್ತಿಯಿರಬೇಕು ಅಂದುಕೊಂಡೆ. ಮೊದಲ ಹಾಡಿನಿಂದ ಮಂಗಳದವರೆಗೆ ಕೆಂಪು ಲೈಟು ಒಂದೇ ಒಂದು ಸಲವೂ ಹತ್ತಲಿಲ್ಲ. ಟೇಪು ತೆಗೆಯುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಬೆಂಗಳೂರಿನ ಮ್ಯಾನೇಜರಿಗೆ ಕೊಡಬೇಕಾದ ಟೇಪು ಇದೇ ಅಂತ ಯಜಮಾನರಿಗೆ ಹೇಳಿದೆ.

"ನಾಳಿದ್ದು ನಾನೇ ಬೆಂಗಳೂರಿಗೆ ಹೋಗ್ತಿದೀನಿ, ಕಂಪನಿಗೆ ನಾನೇ ಕೊಡ್ತೀನಿ ಬಿಡಿ" ಅಂತ ಯಜಮಾನರು ಟೇಪನ್ನು ಕಣ್ಣಿಗೊತ್ತಿಕೊಂಡು ಕುಣಿಗಲ್ಲಿಗೆ ಒಯ್ದರು.

ಆ ವಾರದ ಕೊನೆಗೆ ಮ್ಯಾನೇಜರ್ ಫೋನು ಮಾಡಿದರು. "ಕೈ ಮುಗೀತೀನಿ ಕಣ್ರೀ, ಇನ್ನು ಬರ್ಬೇಡಿ. ಇಷ್ಟೊಂದು ಒಡೆದಿರೋ ಟೇಪ್ ನಾನು ಹುಟ್ಟಿದಾಗಿಂದ ಕೇಳಿಲ್ಲ" ಅಂತ ಇಟ್ಟೇಬಿಟ್ಟರು.

ಫೋನು ಹಿಡಿದುಕೊಂಡೇ ನಿಂತಿದ್ದೆ. ಯಜಮಾನರು ನಗುನಗುತ್ತ ಒಳಗೆ ಬಂದರು.

"ಯಜಮಾನ್ರೆ, ಟೇಪಿಗೆ ಏನಾಯ್ತು?"

"ನಿಮ್ಗೆ ಹೇಳಿ ಬೇಜಾರ್ ಮಾಡ್ಬಾರ್ದು ಅಂತ ಸುಮ್ನಿದ್ದೆ. ಅಷ್ಟು ಹಾಡಿದ್ರೂ ಆ ಕೆಂಪ್ ಬಲ್ಬು ಒಂದ್ಸಲಾನೂ ಹತ್ಲಿಲ್ಲ. ಮಿಷನ್ ಕೆಟ್ಟೋಗೈತೆ, ಪಾಪ ನಿಮ್ಗೆ ಗೊತ್ತಾಗಿಲ್ಲ ಅನ್ಕೊಂಡೆ. ನಮ್ಮೂರ ಕ್ಯಾಸೆಟ್ ಅಂಗಡೀಲಿ ಫುಲ್ ಸೌಂಡ್ ಇಟ್ಟು ಕಾಪಿ ಹೊಡ್ಸ್ದೆ. ಅಲ್ಲಿ ಹೆಂಗ್ ಹತ್ತವೆ ಅಂತೀರಾ ಕೆಂಪು! ಅದನ್ನೇ ಕೊಟ್ಟು ಬಂದೆ."

"ನಾನು ಕೊಟ್ಟ ಟೇಪು?"

"ವೇಸ್ಟ್ ಆಗ್ಬಾರ್ದು ಅಂತ ಅದ್ರ ಮೇಲೆ ಮೊಮ್ಮಗಳ ಸ್ಕೂಲ್ ಡೇ ಹಾಡು ತುಂಬಿಸಿದ್ವಿ."

ಫೋನು ಕೆಳಗಿಟ್ಟು ಎರಡೂ ಕೈ ಮುಗಿದೆ. ಯಜಮಾನರು ಅದನ್ನು ಕೃತಜ್ಞತೆ ಅಂದುಕೊಂಡು ಬೆನ್ನು ತಟ್ಟಿದರು. ಜೇಬಿನಿಂದ ಪೇಪರಿನಲ್ಲಿ ಸುತ್ತಿದ್ದ ಚಿಕ್ಕದೊಂದು ಪೊಟ್ಟಣ ತೆಗೆದು ನನ್ನ ಅಂಗೈಯಲ್ಲಿಟ್ಟರು. ಒಳಗೆ ಕೆಂಪು ಬಲ್ಬಿತ್ತು.

"ತಗೊಳಿ, ಮೊದ್ಲು ಅದನ್ನ ಬದ್ಲಾಯ್ಸಿ. ಅಂಗಡಿಯವ್ನಿಗೆ ನಾನೇ ಹೇಳಿ, ಸೌಂಡ್ ಇರ್ಲಿ ಬಿಡ್ಲಿ, ಯಾವಾಗ್ಲೂ ಉರೀತಿರೋ ಅಂಥದ್ದೇ ತಂದಿದೀನಿ."